ಎತ್ತಿ ಕುಡಿದ ನೀರು

ಆ ವಾರ ನಾನು ಒಂದು ಕಡೆ ನೆಟ್ಟಗೆ ಕೂತದ್ದೇ ಇಲ್ಲ. ನಾರ್ತ್‌ರಿಜ್‌ನಲ್ಲಿ ಓದು ಮುಗಿಸಿ, ಜಾಹೀರಾತುಗಳಿಗೆ ಅನಿಮೇಶನ್ ಮಾಡುವ ಪುಟ್ಟ ಸ್ಟುಡಿಯೋ ಒಂದರಲ್ಲಿ ಮೂರು ತಿಂಗಳ ಮಟ್ಟಿಗೆ ಸೇರಿದ್ದೆ. ಕಂಪ್ಯೂಟರಿನಲ್ಲಿ ನೀರು ಹರಿಸುವುದು ನನ್ನ ಕೆಲಸ. ಒಬ್ಬ ಮನುಷ್ಯ ಲೋಟದಿಂದ ನೀರು ಕುಡಿಯುವ ದೃಶ್ಯಕ್ಕೆ ಎರಡು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಸರಿ ಎಂದು ಸೋಮವಾರ ಹೇಳಬೇಕಿತ್ತು. ಒಂದು, ನಮ್ಮ ಅನಿಮೇಶನ್ ಪ್ಯಾಕೇಜಿನ ಜೊತೆಗೇ ಬಂದದ್ದು, ಸುಲಭ. ಇನ್ನೊಂದು ಸದ್ಯ ಪ್ರಯೋಗಕ್ಕೆಂದು ಸಿಕ್ಕಿದ್ದು, ಬೇಕಾದರೆ ಬೇರೆಯಾಗಿ ಕೊಳ್ಳಬೇಕು; ತಲೆ ತಿನ್ನುವಂಥದ್ದು, ಅಲ್ಲಿ ಅದು ಬರುತ್ತಿದ್ದದ್ದು ನನಗೊಬ್ಬನಿಗೇ. ಅದನ್ನು ಕೊಂಡರೆ, ನನ್ನ ಮೂರು ತಿಂಗಳು ಮುಗಿಯುವ ಮುಂದಿನ ಶುಕ್ರವಾರದ ನಂತರವೂ ನನ್ನನ್ನು ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ.

ನಿಜವಾದ ನೀರನ್ನು ನೋಡಿಕೊಂಡು ಮಾಡೋಣವೆಂದು ಶನಿವಾರ ಕ್ಯಾಮೆರಾ ಹಿಡಿದು ಸ್ಯಾನ್ ಡಿಯೇಗೋಗೆ, ಅಲ್ಲಿನ ಮೀರಾ ಮೆಸಾ ಬಡಾವಣೆಯ ಅಕ್ಕನ ಮನೆಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಲೇನ್ ಬದಲಿಸಿದ್ದೇ ಬದಲಿಸಿದ್ದು. ಭಾವನ ಕೈಗೆ ಲೋಟ ಕೊಟ್ಟು ಕುಡಿಯಿರಿ ಎಂದೆ. ಅವರು ಎಂದಿನಂತೆ ತಲೆ ಹಿಂದಕ್ಕೆ ಹಾಕಿ, ಲೋಟ ತುಟಿಗೆ ಸೋಕದಂತೆ ಮೇಲೆತ್ತಿ ಗಟಗಟ ಕುಡಿದರು. ಹತ್ತು ಸಲ ಕುಡಿಸಿದೆ. ನಡುನಡುವೆ ಎದ್ದು ಓಡಾಡುತ್ತಿದ್ದೆ.

“ಒಂದ್ ಕಡೆ ಕುಂದರೋ,” ಎಂದಳು ಅಕ್ಕ. “ಅವರ ಹೊಟ್ಟಿ ಏನ್ ಟ್ಯಾಂಕೇನು?”

ಭಾನುವಾರ ಎರಡು ಸಾಫ್ಟ್‌ವೇರ್‌ಗಳಲ್ಲೂ ಅದೇ ನೀರನ್ನು ಬಾಯಿಗೆ ಸುರಿದೆ. ಸುಲಭದ್ದರಲ್ಲಿ ಧಾರೆ ನಡುವೆಯೇ ಕಡಿದು ಸಾಬೂದಾಣಿಯಂತೆ ಉದುರಿತು. ಅರ್ಧ ನೀರು ಬಾಯಿ ಮುಟ್ಟುವ ಮೊದಲೇ ಮಾಯ. ನನ್ನದರಲ್ಲಿ ಒಂದೇ ಎಳೆ, ಎಲ್ಲೂ ಕಡಿಯಲಿಲ್ಲ. ಖುಷಿಯಲ್ಲಿ ಸುಲಭದ್ದನ್ನು ಎರಡು ಪುಟ ಬೈದು ವರದಿ ಬರೆದೆ.

ಸೋಮವಾರ ಸ್ಟುಡಿಯೋದ ಯಜಮಾನ ನಾನು ಮಾಡಿದ ದೃಶ್ಯವನ್ನು ಎರಡು ಸಲ ನೋಡಿದ. ಇದ್ಯಾವ ರೀತಿ ಕುಡಿಯುವುದು, ಲೋಟ ತುಟಿಗೆ ತಾಗಿಸಲು ಇವನಿಗೇನು ಕಷ್ಟ ಎಂದು ನಗುತ್ತಲೇ ಕೇಳಿದ. ನನ್ನ ಕಿವಿ ಬಿಸಿಯಾಯಿತು. ಎಂಜಲಾಗದಂತೆ ಕುಡಿಯುವುದನ್ನು ಬಿಟ್ಟು ಬೇರೆ ರೀತಿ ಇದೆ ಎಂಬುದು, ಇಷ್ಟು ವರ್ಷ ಈ ದೇಶದವರ ನಡುವೆಯೇ ಇದ್ದೂ, ನನ್ನ ತಲೆಗೆ ಹೊಳೆದಿರಲೇ ಇಲ್ಲ. ಸಂಜೆಯೊಳಗೆ ಸರಿಪಡಿಸು ಎಂದ.

ತುಟಿಗೆ ತಾಗಿಸಿದರೆ ಧಾರೆಯೇ ಇಲ್ಲ, ಲೋಟದೊಳಗೆ ನೀರು ಓರೆಯಾದರೆ ಮುಗಿಯಿತು. ಸುಲಭದ್ದು ಒಂದು ಗಂಟೆಯಲ್ಲಿ ಅದನ್ನು ಚೆಂದವಾಗಿ ಮಾಡಿತು. ನನ್ನದು ನಾಲ್ಕು ಗಂಟೆ ತೆಗೆದುಕೊಂಡಿತು, ನೋಡಲು ಏನೂ ವ್ಯತ್ಯಾಸವಿಲ್ಲ. ಸುಲಭದ್ದರಲ್ಲಿ ಮಾಡಿದ್ದನ್ನು ಅಳಿಸಿ ಸುಮ್ಮನಿದ್ದರೆ ಕೇಳುವವರು ಯಾರೂ ಇರಲಿಲ್ಲ. ಪಾರ್ಕಿಂಗ್ ಲಾಟಿಗೆ ಮೂರು ಸಲ ಹೋಗಿ ಬಂದೆ. ಏನೂ ತಪ್ಪು ಮಾಡದ ಭಾವನ ಮೇಲೆ ವಿಪರೀತ ಸಿಟ್ಟು ಬಂತು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಸದು ಕೊಳ್ಳುವ ಅಗತ್ಯವಿಲ್ಲ ಎಂದು ಬರೆದುಕೊಟ್ಟೆ.

ಯಜಮಾನ ಓದಿ, ಪ್ರಾಮಾಣಿಕವಾಗಿ ಬರೆದಿದ್ದೀಯ ಎಂದು ಬೆನ್ನು ತಟ್ಟಿದ. ಆಮೇಲೆ ಪಕ್ಕದ ಮೇಜಿನವನನ್ನು ಕರೆದು, ಶುಕ್ರವಾರದೊಳಗೆ ಇವನಿಗೆ ಸುಲಭದ್ದರಲ್ಲಿ ನೀರು ಹರಿಸುವುದನ್ನು ಕಲಿಸಿಕೊಡು ಎಂದು ನನಗೆ ಹೇಳಿದ. ನಾನೇ ಕುರ್ಚಿ ಎಳೆದು ಅವನನ್ನು ಕೂರಿಸಿಕೊಂಡೆ. ಅರ್ಧ ಗಂಟೆಯಲ್ಲಿ ಅವನು ಕಲಿತುಬಿಟ್ಟ.