ಎಂಟು ಸಲ ಕಲಸಿದ ಕಟ್ಟು

ಆ ದಿನ ನಾನು ಆಡಿದ ಮಾತೆಷ್ಟು, ಆಮೇಲೆ ನೆನಪಿಗೆ ಸೇರಿಸಿಕೊಂಡದ್ದೆಷ್ಟು, ಖಚಿತವಾಗಿ ಹೇಳಲಾರೆ. ಮಂಜಿತ್ತು ಎಂದು ಮನಸ್ಸು ಹೇಳುತ್ತದೆ. ನೀಲಗಿರಿಯ ಯಾವ ನೆನಪಿನಲ್ಲಿ ಮಂಜಿಲ್ಲ? ಅದನ್ನು ನಂಬುವುದಿಲ್ಲ.

ನಮ್ಮ ಹಟ್ಟಿಯ ಎಂಟು ಮನೆಯವರು ಕೂಡಿ ಒಂದು ಇಳಿಜಾರನ್ನು ಆಲೂಗಡ್ಡೆಗೆಂದು ಹಸನು ಮಾಡಿದ್ದರು. ತೊರೆಯ ಪಕ್ಕದ ಪಟ್ಟಿ ಎಲ್ಲರಿಗೂ ಬೇಕು. ಚೀಟಿ ಎತ್ತಿದರೆ, ಮಡಚಿದ ಗುರುತು ಹಿಡಿದು ಬೇಕಾದ್ದನ್ನೇ ಎತ್ತಿಯಾರೆಂಬ ಅನುಮಾನ. ಹಾಗಾಗಿ ಬೇರೆ ಹಟ್ಟಿಯ ನನ್ನ ಸೋದರಮಾವನನ್ನು ಕರೆಸಿದರು. ಬಿಳಿಯ ದೊರೆಗಳ ದಂಡಿದ್ದ ವೆಲ್ಲಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವರು ಹೊಸ ಇಸ್ಪೀಟ್ ಕಟ್ಟು ತಂದರು. ಎಕ್ಕ ಬಂದವರಿಗೆ ಮೊದಲ ಆಯ್ಕೆ.

“ಒಂದೊಂದು ಮನೆಗ ಒಂದೊಂದು ಸಲ ಕಲಸು. ಯಾರ ಮನೆಯನ್ನೂ ಬಿಡಬೇಡ” ಎಂದರು ಹಟ್ಟಿಯ ಗೌಡರು.

ಮಾವ ಇಪ್ಪತ್ತಾರು ಎಲೆ ಎಣಿಸಿ ಕಟ್ಟನ್ನು ಇಬ್ಭಾಗ ಮಾಡಿ, ಮೇಲಿನ ಭಾಗದ್ದೊಂದು, ಕೆಳಗಿನ ಭಾಗದ್ದೊಂದು, ಹೀಗೆ ಕೂಡಿಸಿದರು. ಎರಡೆಲೆ ಜೊತೆಯಾಗಿ ಬಿದ್ದರೆ ಬಿಡಿಸಿ ಸರಿಮಾಡುತ್ತಿದ್ದರು. ಎಂಟು ಸಲ. ಇದಕ್ಕಿಂತ ನ್ಯಾಯವಿಲ್ಲವೆಂದು ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ಹಂಚಿದಾಗ ಮೊದಲ ಎಲೆ ನಮ್ಮಪ್ಪನಿಗೆ: ಆಟೀನಿನ ಎಕ್ಕ. ಪಕ್ಕದವರಿಗೆ ಆಟೀನಿನ ಎರಡು. ಆಮೇಲೆ ಮೂರು, ನಾಲ್ಕು, ಸಾಲಾಗಿ ಎಂಟರವರೆಗೆ.

“ಅಕ್ಕನ ಮನೆಗ ಎಕ್ಕ! ದೊರೆಗಳ ಹತ್ತಿರ ಕಲಿತ ಕೈ ಅಲ್ಲವಾ!” ಎಂದು ಒಬ್ಬರು ನಕ್ಕರು.

ಮಾವ ನನ್ನತ್ತ ತಿರುಗಿದರು. “ನೀ ಮದರಾಸಿಲಿ ಲೆಕ್ಕ ಓದಿದವ. ಹೇಳಪ್ಪಾ, ನಾ ಕಳ್ಳಾಟ ಆಡಿದೆನಾ?”

ಅಪ್ಪನ ಪರ ನಿಂತೆನೆಂದು ಅನ್ನಿಸಿಕೊಳ್ಳಬಾರದೆಂಬ ಚಿಂತೆ ನನಗೆ. “ಕಲಸಿದ ಕಟ್ಟು ತಾನಾಗಿ ಹೀಗೆ ಬರುವುದಿಲ್ಲ, ಮಾಮ” ಎಂದೆ.

ಕಳ್ಳಾಟ ಎಂಬ ಮಾತನ್ನೂ ಹೇಳಿದೆನೇ? ಹೇಳಿದೆ ಎನ್ನುತ್ತಾಳೆ ತಂಗಿ. ನನ್ನ ಕಿವಿಯಲ್ಲಿರುವುದು ಗೌಡರ ದನಿ. ಯಾರು ಹೇಳಿದರೇನು, ನನ್ನ ಬಿ.ಎ. ಮೇಲೆಯೇ ತೀರ್ಪಾಯಿತು. ಕಡೆಗೆ ಚೀಟಿಯನ್ನೇ ಎತ್ತಿದರು. ಮಾವ ಅವ್ವೆ ಬಡಿಸಿದ್ದನ್ನು ಮುಟ್ಟದೆ ಹೊರಟರು. ಕಳ್ಳನೆಂಬ ಹೆಸರು ಹೊತ್ತು ಮತ್ತೆಂದೂ ನಮ್ಮ ಹಟ್ಟಿ ಹತ್ತಲಿಲ್ಲ. ಅವ್ವೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕೂತಲ್ಲಿ ಕೂರಲಾದರೂ ಆಗುತ್ತಿತ್ತೇನೋ.

ಮಾವ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಉದಕಮಂಡಲದ ನನ್ನ ಕೋಣೆಯಲ್ಲಿ ಹೊಸ ಕಟ್ಟೊಂದನ್ನು ಬಿಚ್ಚಿ ಅವರಂತೆಯೇ ಕೂಡಿಸುತ್ತ ಹೋದೆ. ಏಳನೆಯ ಸಲಕ್ಕೂ ತುದಿಯದು, ಅಡಿಯದು ಬಿಟ್ಟರೆ ಉಳಿದ ಎಲೆಗಳು ತಮ್ಮ ಜಾಗದಲ್ಲಿರಲಿಲ್ಲ. ಎಂಟನೆಯ ಸಲ ಐವತ್ತೆರಡೂ ಅಂಗಡಿಯಿಂದ ಬಂದ ಕ್ರಮಕ್ಕೇ ಮರಳಿದವು. ಇನ್ನೆರಡು ಬಾರಿ ಮೊದಲಿನಿಂದ ಮಾಡಿದೆ, ಕಾಗದದ ಮೇಲೂ ಲೆಕ್ಕ ಹಾಕಿದೆ. ಅಷ್ಟು ಸಮವಾಗಿ ಎಂಟು ಸಲ ಕಲಸಿದ ಕಟ್ಟು ಕಲಸದ ಕಟ್ಟೇ.