ಗೇಟಿನ ಬಳಿಯ ಬಿಳಿ ಮರ

ದರ್ಜಿ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರೇ ಬಟ್ಟೆ ಹೊಲಿಸಲು ಅವಳ ಕಿಟಕಿ ತಟ್ಟುತ್ತಾರೆ, ಏಕೆಂದರೆ ಅವಳು ಹಾಕಿದ ಹೊಲಿಗೆ ಒಂದು ಕೂದಲೆಳೆಯಷ್ಟೂ ಸೊಟ್ಟಗಾಗುವುದಿಲ್ಲ. ಸೊಟ್ಟಗಿರುವುದನ್ನು ಕಂಡರೇ ಅವಳಿಗಾಗದು. ಗೋಡೆಯ ಕ್ಯಾಲೆಂಡರು ತುಸು ವಾಲಿದ್ದರೂ ಊಟ ಬಿಟ್ಟೆದ್ದು ಸರಿಮಾಡುತ್ತಾಳೆ.

ಅವಳ ಗಂಡ ಗಡಿಯಾರ ರಿಪೇರಿಯವರು. ಆಯಸ್ಸೆಲ್ಲ ಭೂತಗನ್ನಡಿಯಲ್ಲಿ ಇಣುಕಿ ಕಳೆದ ಮನುಷ್ಯನಿಗೆ ಈಗ ಕಣ್ಣು ಮಂಜು, ಅದೂ ಆಪರೇಷನ್ನಿಗೆ ಬಗ್ಗುವ ಮಂಜಲ್ಲ. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟರೂ ಮಧ್ಯಾಹ್ನ ಅಲ್ಲಿ ಹೋಗಿ ಕೂರುವುದು, ಸಂಜೆ ಒಬ್ಬರೇ ನಡೆದು ಬರುವುದು ತಪ್ಪಲಿಲ್ಲ. ಕರೆದುಕೊಂಡು ಬರುತ್ತೇನೆ ಎಂದು ಅವಳು ಹೇಳಿದರೆ "ನಾನೇನು ಮಗುನಾ?" ಎಂದು ಮುಖ ಊದಿಸುತ್ತಿದ್ದರು.

ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು, ಗೇಟುಗಳೂ ಒಂದೇ ಬೂದುಬಣ್ಣ. ಅವರಿಗೆ ಮನೆಯ ಗುರುತು ಸಿಗುತ್ತಿದ್ದುದು ಗೇಟಿನ ಪಕ್ಕದಲ್ಲಿ ಅಂದಕ್ಕೆಂದು ನೆಟ್ಟ ವಿಲೋ ಎಂಬ ಗಿಡದ ಪೊದೆಯಿಂದ. ಅದರ ಎಲೆ ಚಿಗುರುವಾಗ ಗುಲಾಬಿ, ಬಲಿತ ಮೇಲೆ ಹಸಿರಿಗಿಂತ ಬಿಳಿಯೇ ಹೆಚ್ಚು. ತಿರುವಿನಿಂದ ನೋಡಿದರೆ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಆದರೆ ಪಕ್ಕದ ಮನೆಗೆ ಬಂದ ಹೊಸ ಬಾಡಿಗೆಯವರು ರಸ್ತೆಯಂಚಿಗೆ ದೊಡ್ಡ ವ್ಯಾನು ನಿಲ್ಲಿಸತೊಡಗಿದರು, ಪೊದೆ ಅದರ ಮರೆಗೆ ಹೋಯಿತು. ಒಂದು ಸಂಜೆ ಗಡಿಯಾರದವರು ಇನ್ಯಾರದೋ ಗೇಟು ತೆಗೆದು, ಅವರ ಮೆಟ್ಟಿಲ ಮೇಲೆ ಷೂ ಬಿಚ್ಚಿ, "ಟೀ ಆಯ್ತೇನೇ?" ಎಂದು ಕೇಳಿಬಿಟ್ಟರು. ಬೀದಿಯವರಿಗೆ ನಗು. ಅವರು ಮಾತ್ರ ಆ ರಾತ್ರಿ ಊಟ ಮಾಡಲಿಲ್ಲ.

ದರ್ಜಿ ಅಕ್ಕ ಹಟಕ್ಕೆ ಬಿದ್ದಳು. ಪೊದೆಯನ್ನು ಮರ ಮಾಡಿ, ಬಿಳಿ ತಲೆಯನ್ನು ವ್ಯಾನಿಗಿಂತ ಮೇಲೆ ನಿಲ್ಲಿಸಬೇಕು.

"ಮಾಡಬಹುದು," ಎಂದ ನರ್ಸರಿಯವನು. "ಒಂದು ಒಳ್ಳೇ ಕಡ್ಡಿ ಉಳಿಸ್ಕೊಂಡು ಮಿಕ್ಕಿದ್ದನ್ನ ಬುಡಕ್ಕೆ ಕತ್ತರಿಸಿ. ಸಾಕಷ್ಟು ಎತ್ತರ ಬಂದ ಮೇಲೆ ತುದಿ ಚಿವುಟಿದ್ರೆ ಕೊಂಬೆ ಒಡೆಯುತ್ತೆ. ಕೆಳಗೆ ಬರೋ ಚಿಗುರನ್ನೆಲ್ಲ ಕೈಯಲ್ಲೇ ಉಜ್ಜಿ ತೆಗೀತಾ ಇರಿ. ಎಲೆ ಉದುರಿರುವಾಗಲೇ ಶುರುಮಾಡಿ."

ಎಲೆ ಉದುರಿದ ಮೇಲೆ ಬೋಳು ಪೊದೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದಳು. ಒಂದು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗಿತ್ತು, ಎಲ್ಲಕ್ಕಿಂತ ದಪ್ಪವೂ ಇತ್ತು. ಅದನ್ನು ಉಳಿಸಿ ಉಳಿದವನ್ನೆಲ್ಲ ಕತ್ತರಿಸಿದಳು. ಪಕ್ಕದಲ್ಲಿ ಗೂಟ ನೆಟ್ಟು, ಕಾಂಡ ಕೊರೆಯದಂತೆ ಚಿಂದಿಬಟ್ಟೆಯ ಪಟ್ಟಿಗಳಿಂದ ಸಡಿಲವಾಗಿ ಕಟ್ಟಿದಳು.

ಆ ಬೇಸಿಗೆ ಕಡ್ಡಿ ಸರಸರನೆ ಏರಿತು. ಎಲೆಗಳು ಹಸಿರು. ತಲೆ ಕಟ್ಟಿದ ಮೇಲೆ ಬಣ್ಣ ಬಂದೀತು ಎಂದು ತನಗೆ ತಾನೇ ಹೇಳಿಕೊಂಡಳು. ನರ್ಸರಿಯವನು ಬೇರೇನಾದರೂ ಹೇಳಿಬಿಟ್ಟಾನು ಎಂಬ ಅಳುಕಿಗೆ ಅವನನ್ನು ಕೇಳಲೇ ಇಲ್ಲ. ಗಂಡನಿಗೆ, "ಇದೊಂದು ವರ್ಷ ತಡ್ಕೊಳ್ಳಿ," ಎಂದಳು. ತುದಿ ಚಿವುಟಿದಳು, ಕೆಳಗಿನ ಚಿಗುರು ಉಜ್ಜಿದಳು, ಗಂಟು ಬಿಗಿಯಾದಾಗಲೆಲ್ಲ ಬಿಚ್ಚಿ ಕಟ್ಟಿದಳು.

ಮರುವರ್ಷ ವ್ಯಾನಿನ ಮೇಲೆ ಕೊಡೆ ಬಿಚ್ಚಿದಂಥ ದುಂಡು ತಲೆ. ಅಚ್ಚ ಹಸಿರು, ಬಿಳಿಯ ಒಂದು ಚುಕ್ಕೆಯೂ ಇಲ್ಲ. ಒಂದು ರೆಂಬೆ ಮುರಿದುಕೊಂಡು ನರ್ಸರಿಗೆ ಓಡಿದಳು.

"ಅಯ್ಯೋ ಅಕ್ಕ, ಈ ಜಾತೀಲಿ ಒಮ್ಮೊಮ್ಮೆ ಹೀಗೆ ಬರೀ ಹಸಿರು ಕೊಂಬೆ ಹುಟ್ಟಿಬಿಡುತ್ತೆ. ಅದಕ್ಕೆ ಜೋರು ಜಾಸ್ತಿ, ಬೇರೆಯವಕ್ಕಿಂತ ನೆಟ್ಟಗೆ ಬೆಳೆಯುತ್ತೆ. ಕಂಡ ಕೂಡಲೇ ತೆಗೀಬೇಕು. ನೀವು ಅದನ್ನೇ ಉಳಿಸಿದ್ದೀರ."

ಅವಳಿಗೆ ಜಗಳ ಆಡಲೂ ಆಗಲಿಲ್ಲ. ಗಂಡನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು.

ಸಂಜೆ ಅವರು ಬಂದವರೇ ಕುರ್ಚಿಯಲ್ಲಿ ಕೂತು, ಅವಳು ಕೊಟ್ಟ ಟೀ ಲೋಟ ಹಿಡಿದು, "ಮರ ಚೆನ್ನಾಗಿ ಬೆಳ್ಳಗಾಗಿದೆ ಕಣೇ. ತಿರುವಿನಿಂದಲೇ ಎದ್ದು ಕಾಣುತ್ತೆ," ಎಂದರು.

ಅವಳಿಗೆ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

"ಅದು ಹಸಿರು ರೀ. ಒಂದು ಎಲೆನೂ ಬೆಳ್ಳಗಿಲ್ಲ."

ಅವರು ಮೇಜಿಗಾಗಿ ತಡಕಾಡಿ ಲೋಟವನ್ನು ಇಟ್ಟರು.

"ಎಷ್ಟು ದಿನ ಆಯ್ತು ರೀ?"

"ಹೋದ ಚಳಿಗಾಲದಿಂದ ಏನೂ ಕಾಣ್ತಿಲ್ಲ. ಗೋಡೆ ಹಿಡ್ಕೊಂಡು, ಗೇಟು ಎಣಿಸ್ಕೊಂಡು ಬರ್ತೀನಿ. ನೀನು ಅದಕ್ಕೆ ಅಷ್ಟು ಒದ್ದಾಡ್ತಿದ್ದೆ. ಹೇಗೆ ಹೇಳ್ಲಿ?"

ಅವರ ಅಂಗಿಯ ಎಡತೋಳಿನ ಅಂಚು ತಿಂಗಳುಗಟ್ಟಲೆ ಗೋಡೆಯ ಪುಡಿಯಿಂದ ಬೂದುಬಣ್ಣವಾಗಿ ಬರುತ್ತಿತ್ತು. ಅದನ್ನು ತಿಕ್ಕುವಾಗಲೆಲ್ಲ ಅವಳು ಅಂಗಡಿ ಗುಡಿಸದ ಮೈದುನನಿಗೆ ಬೈದಿದ್ದಳು. ಈಗ ಅದೇ ತೋಳಿಗೆ ಹಣೆಯೊತ್ತಿ, ಬಿಕ್ಕಿ ಬಿಕ್ಕಿ ಅತ್ತಳು. ತಾನು ಕಡ್ಡಿಗಳನ್ನೆಲ್ಲ ನೋಡಿದೆ, ಈ ಮನುಷ್ಯನ ಮುಖ ಮಾತ್ರ ನೋಡಲಿಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಸಂಜೆ ಹೊಲಿಗೆ ಅರ್ಧಕ್ಕೆ ಬಿಟ್ಟು ತಿರುವಿನವರೆಗೆ ಹೋಗಿ ನಿಂತಳು. ಅವರು ಗೋಡೆ ಸವರುತ್ತ ಬಂದರು. ಹೆಜ್ಜೆಯ ಸದ್ದಿಗೆ ತಲೆಯೆತ್ತಿ, ಗುರುತು ಹಿಡಿದು ನಿಂತರು. ಈ ಸಲ ಮುಖ ಊದಿಸಲಿಲ್ಲ.

"ಮರದ ಕೆಲಸ ಇಲ್ವಾ ಇವತ್ತು?"

"ಮುಗೀತು," ಎಂದು ಅವಳು ಅವರ ಕೈಯನ್ನು ಗೋಡೆಯಿಂದ ಬಿಡಿಸಿ ತನ್ನ ಕೈಯಲ್ಲಿ ತೆಗೆದುಕೊಂಡಳು.