ಮೂವತ್ತಾರು ಆಗಸ್ಟುಗಳ ಒಂದೇ ಚರ್ಚೆ

ಇಷ್ಟೊಂದು ಭಾಷೆಗಳಿರುವ ಈ ದೇಶಕ್ಕೆ ಇಂಗ್ಲಿಷೇ ರಾಷ್ಟ್ರಭಾಷೆಯಾಗಲಿ ಎನ್ನುವವರೂ, ಕೂಡದೇ ಕೂಡದು ಎನ್ನುವವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎರಡು ಕಡೆಯವರೂ ಒಬ್ಬರ ಮಾತನ್ನೊಬ್ಬರು ಕೊನೆಯವರೆಗೆ ಕೇಳಿದ್ದು ಮಾತ್ರ ಅಪರೂಪ. ಆ ಅಪರೂಪವನ್ನು ವಿಜಯನಗರದ ಒಂದು ಪದವಿ ಕಾಲೇಜಿನ ಎರಡನೆಯ ಮಹಡಿಯಲ್ಲಿ ಮೂವತ್ತಾರು ಆಗಸ್ಟುಗಳ ಕಾಲ ತಪ್ಪದೆ ನಡೆಸಿಕೊಂಡು ಬಂದವರು ಇಂಗ್ಲಿಷ್ ಪ್ರಾಧ್ಯಾಪಕಿ ಅಲಮೇಲು ಅವರು. ಅವರಿಗಿಂತ ಹೆಚ್ಚು ಪುಸ್ತಕ ಬರೆದ ಅಧ್ಯಾಪಕರಿದ್ದಾರೆ, ಹೆಚ್ಚು ಸನ್ಮಾನ ಪಡೆದವರಿದ್ದಾರೆ. ತಾವು ಕಲಿಸುವ ವಿಷಯವನ್ನೇ ಕಟಕಟೆಯಲ್ಲಿ ನಿಲ್ಲಿಸಿ ವಿದ್ಯಾರ್ಥಿಗಳ ಕೈಯಲ್ಲಿ ವಿಚಾರಣೆ ಮಾಡಿಸುವ ಎದೆಗಾರಿಕೆಯನ್ನು ಅವರ ಸಹೋದ್ಯೋಗಿಗಳು ಬೇರೆ ಯಾರಲ್ಲೂ ಕಂಡಿಲ್ಲ.

ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ ಅಲಮೇಲು ಅವರದು ಮನೆಯೊಳಗೆ ತಮಿಳು, ಗೇಟು ದಾಟಿದರೆ ಕನ್ನಡ. ಜ್ಞಾನಭಾರತಿಯಲ್ಲಿ ಎಂ.ಎ. ಮುಗಿಸಿ ೧೯೮೯ರಲ್ಲಿ ಕಾಲೇಜಿಗೆ ಸೇರಿದಾಗ ಅವರಿಗಿನ್ನೂ ಇಪ್ಪತ್ನಾಲ್ಕು. ಕೆಲವು ವರ್ಷಗಳ ಮೇಲೆ ಇತಿಹಾಸ ವಿಭಾಗಕ್ಕೆ ಬಂದ ಚನ್ನವೀರೇಶ್ ಅವರು ಅಧ್ಯಾಪಕರ ಸಭೆಯಲ್ಲಿ ಇಂಗ್ಲಿಷಿಗೆ ಹೆದರಿ ಬಾಯಿ ಬಿಡುತ್ತಿರಲಿಲ್ಲ. ಇದನ್ನು ಗಮನಿಸಿದ ಅಲಮೇಲು ಮುಂದಿನ ಸಭೆಯಿಂದ ತಮ್ಮ ವಿಭಾಗದ ವರದಿಯನ್ನು ಕನ್ನಡದಲ್ಲಿ ಓದತೊಡಗಿದರು. "ನಿಮ್ದು ಇಂಗ್ಲಿಷ್ ಡಿಪಾರ್ಟ್‌ಮೆಂಟ್ ಅಲ್ವೇನಮ್ಮಾ?" ಎಂದು ಪ್ರಾಂಶುಪಾಲರು ಕೇಳಿದ್ದಕ್ಕೆ, "ಹೌದು ಸಾರ್, ಆದ್ರೆ ವರದಿ ಎಲ್ರಿಗೂ ಅಲ್ವಾ?" ಎಂದರಂತೆ. ಅದರ ಮುಂದಿನ ಸಭೆಯಲ್ಲಿ ಚನ್ನವೀರೇಶ್ ಮಾತಾಡಿದರು. ಆಮೇಲೆ ಅವರನ್ನು ಸುಮ್ಮನಿರಿಸುವುದೇ ಕಷ್ಟವಾಯಿತೆಂದು ಬಲ್ಲವರು ಹೇಳುತ್ತಾರೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವರ ಆಗಸ್ಟ್ ಚರ್ಚೆಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಜಗಳವೇ ಪಾಠ. ವಿಷಯ ಪ್ರತಿವರ್ಷವೂ ಇಂಗ್ಲಿಷ್ ರಾಷ್ಟ್ರಭಾಷೆಯಾಗಬೇಕೇ ಎಂಬುದೇ, ನಿಯಮವೂ ಒಂದೇ. ಎದುರಾಳಿಗೆ ಉತ್ತರ ಕೊಡುವ ಮೊದಲು ಅವನ ವಾದವನ್ನು ತನ್ನ ಮನೆಮಾತಿನಲ್ಲಿ ತಿರುಗಿ ಹೇಳಬೇಕು. "ಹೌದು, ನಾನು ಹೇಳಿದ್ದು ಇದೇ" ಎಂದು ಅವನು ಒಪ್ಪಿದ ಮೇಲಷ್ಟೇ ಖಂಡನೆ. ಎದುರಾಳಿಗೆ ಆ ಭಾಷೆ ತಿಳಿಯದಿದ್ದರೆ ಬಿಡಿಸಿ ಹೇಳಲು ಅದನ್ನು ಬಲ್ಲವರೊಬ್ಬರು ತರಗತಿಯಲ್ಲಿ ಸಿಕ್ಕೇ ಸಿಗುತ್ತಿದ್ದರು. ತೆಲುಗು, ಉರ್ದು, ತುಳು, ಕೊಂಕಣಿ ಎಲ್ಲವೂ ಓಡಾಡುವ ಆ ಕೋಣೆಯಲ್ಲಿ ಹುಲಿಯಂತೆ ಎದ್ದವರು ಎದುರಾಳಿಯ ಮಾತನ್ನು ತಾಯಿ ಹತ್ತಿರ ಹೇಳುವ ಹಾಗೆ ಹೇಳಬೇಕಾದಾಗ ತಣ್ಣಗಾಗುವುದನ್ನು ನೋಡುವುದೇ ಒಂದು ಸೋಜಿಗ.

ಇಂಥವರೂ ಒಮ್ಮೆ ತಪ್ಪಿದರು. ಇಂಥ ಅಭಿನಂದನ ಗ್ರಂಥದಲ್ಲಿ ತಪ್ಪಿನ ಪ್ರಸ್ತಾಪ ಶೋಭಿಸುವುದಿಲ್ಲ ಎನ್ನುವವರುಂಟು. ಆದರೆ ಅವರ ಮೇಲಿನ ಗೌರವ ಬೆರಗಾಗಿ ಬೆಳೆದದ್ದು ಆ ತಪ್ಪಿನ ಬಳಿಕವೇ.

೨೦೧೭ರಲ್ಲಿ ರಾಜಾಜಿನಗರದ ಸಭಾಂಗಣವೊಂದರಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಏರ್ಪಟ್ಟಿತು. ವಿಷಯ ಇದೇ. ಕಾಲೇಜಿಗೊಬ್ಬರೇ ಸ್ಪರ್ಧಿ, ಮಾತು ಇಂಗ್ಲಿಷಿನಲ್ಲಿ ಮಾತ್ರ, ಬೇರೆ ಭಾಷೆಯ ಒಂದು ಪದ ಬಂದರೂ ಸ್ಪರ್ಧೆಯಿಂದ ಹೊರಗೆ. ಆ ವರ್ಷದ ತರಗತಿಯಲ್ಲಿ ಎಲ್ಲರಿಗಿಂತ ಮೊನಚಾಗಿ ಯೋಚಿಸುತ್ತಿದ್ದವಳು ಅನ್ನಪೂರ್ಣೇಶ್ವರಿ ನಗರದ ದಿವ್ಯ. ಬಡಾವಣೆ ಬರುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದ ಮಗಳು, ಓದಿದ್ದೆಲ್ಲ ಕನ್ನಡ ಮಾಧ್ಯಮ. ಸರಾಗ ಇಂಗ್ಲಿಷ್ ಇದ್ದವನು ಸಿದ್ಧಾರ್ಥ. ಅಲಮೇಲು ದಿವ್ಯಳ ವಾದಗಳನ್ನು ಇಂಗ್ಲಿಷಿಗೆ ತಿರುಗಿಸಿ ಸಿದ್ಧಾರ್ಥನಿಗೆ ಕೊಟ್ಟರು. ಇಬ್ಬರ ಶಕ್ತಿಯನ್ನೂ ಕಾಲೇಜಿಗಾಗಿ ಕೂಡಿಸಿದೆನೆಂದೇ ಅವರು ತಿಳಿದಿದ್ದರು.

ಸಿದ್ಧಾರ್ಥ ಚೆನ್ನಾಗಿ ಮಾತಾಡಿದ. ಇಂಗ್ಲಿಷ್ ರಾಷ್ಟ್ರಭಾಷೆಯಾದರೆ, ಅದು ಬಾರದವರು ತಮ್ಮ ಬದುಕಿನ ತೀರ್ಮಾನಗಳು ಬೇರೆಯವರ ಬಾಯಲ್ಲಿ ನಡೆಯುವುದನ್ನು ಸುಮ್ಮನೆ ಕೂತು ನೋಡಬೇಕಾಗುತ್ತದೆ ಎಂದ. ಸಭೆ ಚಪ್ಪಾಳೆ ತಟ್ಟಿತು. ಅಲಮೇಲು ಕೂಡ ತಟ್ಟುತ್ತ ಪಕ್ಕಕ್ಕೆ ತಿರುಗಿದರು. ಎರಡು ಕುರ್ಚಿ ಆಚೆ ಆ ವಾದದ ಒಡತಿ ಕೈಕಟ್ಟಿಕೊಂಡು ಸುಮ್ಮನೆ ಕೂತು ನೋಡುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ನೂರು ಸಲ ಕೇಳಿದ್ದ ಅವರಿಗೆ, ಆ ದೀಪ ತಾವೇ ಎಂದು ತಿಳಿದದ್ದು ಆಗ.

ಬಹುಮಾನ ಬಂತು. ಸೋಮವಾರದಿಂದ ದಿವ್ಯ ಕಾಲೇಜಿಗೆ ಬರಲಿಲ್ಲ. ಗುರುವಾರ ಅಲಮೇಲು ಪಾಠ ಮುಗಿಸಿ, ಬಸ್ಸು ಹಿಡಿದು ಅವಳ ಮನೆ ಹುಡುಕಿಕೊಂಡು ಹೋದರು. ದಿವ್ಯಳ ತಂದೆ ಮುನಿರಾಜು ಕುರ್ಚಿ ಹಾಕಿಸಿ, ಮಜ್ಜಿಗೆ ಕೊಡಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಇಂಗ್ಲಿಷ್ ಬರಾಕಿಲ್ಲ ಅಂದ್ಮೇಲೆ ಡಿಗ್ರಿ ಇಟ್ಕೊಂಡು ಏನ್ ಮಾಡಾದು ಮೇಡಮ್ಮೋರೇ? ನಂಗ್ ಆಗಾಕಿಲ್ಲ ಅಂತ ಅವಳೇ ಅಂದ್ಲು. ಗಂಡು ನೋಡ್ತಾ ಇದೀವಿ."

ಅಲಮೇಲು ಲೋಟ ಕೆಳಗಿಟ್ಟು, ಆ ಮನೆಯವರೆಲ್ಲರ ಎದುರು ದಿವ್ಯಳಿಗೆ ಕೈಮುಗಿದರು. "ತಪ್ಪಾಯ್ತಮ್ಮ. ನಿನ್ನ ಮಾತನ್ನ ನಿನ್ನ ಕೈಯಿಂದ ಕಿತ್ಕೊಂಡು ಇನ್ನೊಬ್ರಿಗೆ ಕೊಟ್ಟೆ. ನಿನ್ನನ್ನ ಒಂದು ಮಾತೂ ಕೇಳ್ಲಿಲ್ಲ." ಅಧ್ಯಾಪಕರೊಬ್ಬರು ವಿದ್ಯಾರ್ಥಿನಿಗೆ ಹೀಗೆ ಕೈಮುಗಿದದ್ದನ್ನು ಆ ಮನೆ ಹಿಂದೆ ಕಂಡಿರಲಿಲ್ಲ. ಮುನಿರಾಜು ಗಾಬರಿಯಾಗಿ ಎದ್ದು ನಿಂತರು.

ದಿವ್ಯ ಕರಗಲಿಲ್ಲ. "ನಂಗೆ ಸಾರಿ ಬೇಡ ಮೇಡಂ," ಎಂದಳು. "ಇಂಗ್ಲಿಷ್ ಬೇಕು."

ಕನ್ನಡದ ಹುಡುಗಿಗೆ ಕನ್ನಡದಲ್ಲಿ ನ್ಯಾಯ ಕೊಡೋಣವೆಂದು ಹೊರಟವರಿಗೆ ಈ ಉತ್ತರ ಬೇರೆಯೇ ದಾರಿ ತೋರಿಸಿತು. ಅಲಮೇಲು ಮುನಿರಾಜು ಅವರ ಕಡೆ ತಿರುಗಿ ಒಂದು ವರ್ಷ ಕೇಳಿದರು. ಅವರು "ಒಂದೇ ವರ್ಸ," ಎಂದರು.

ಆ ಒಂದು ವರ್ಷ ಬೆಳಿಗ್ಗೆ ಏಳಕ್ಕೆ ಎರಡನೆಯ ಮಹಡಿಯ ಬೀಗ ತೆಗೆಯುತ್ತಿದ್ದವರು ಜವಾನರಲ್ಲ, ಅಲಮೇಲು ಅವರು. ವ್ಯಾಕರಣದ ಪುಸ್ತಕ ಬದಿಗಿಟ್ಟು, ದಿವ್ಯ ತನ್ನ ಸಿಟ್ಟನ್ನು, ಮನೆಯ ಸುದ್ದಿಯನ್ನು, ಬೀದಿಯ ಜಗಳವನ್ನು ಇಂಗ್ಲಿಷಿನಲ್ಲಿ ಹೇಳುವಂತೆ ಮಾಡಿದರು. ತಾವು ಒಂದು ವಾಕ್ಯವನ್ನೂ ಬರೆದುಕೊಡಲಿಲ್ಲ. ಅವಳು ತಡವರಿಸಿದರೆ ಕಾಯುತ್ತಿದ್ದರು, ಕೆಲವೊಮ್ಮೆ ಹತ್ತು ನಿಮಿಷ. ಕಿಟಕಿಯಿಂದ ಇದನ್ನು ಕಂಡ ನಮ್ಮಂಥ ಸಹೋದ್ಯೋಗಿಗಳಿಗೆ ಆ ಮೌನವನ್ನು ದಾಟಿ ಒಳಗೆ ಹೋಗುವ ಧೈರ್ಯ ಬರುತ್ತಿರಲಿಲ್ಲ. ದೇವಸ್ಥಾನದಲ್ಲೂ ಅಷ್ಟು ಭಯಭಕ್ತಿ ನಮಗೆ ಮೂಡಿದ್ದು ಕಡಿಮೆ.

೨೦೧೮ರಲ್ಲಿ ಅದೇ ವೇದಿಕೆ, ಅದೇ ನಿಯಮ. ಚೀಟಿ ಎತ್ತಿದಾಗ ದಿವ್ಯಳಿಗೆ ಬಂದದ್ದು ಇಂಗ್ಲಿಷ್ ಬೇಡ ಎನ್ನುವ ಪಕ್ಷ. ಆರು ನಿಮಿಷ ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು. ಕೊನೆಗೆ ಒಂದು ಕ್ಷಣ ನಿಂತು, ಮುಂದಿನ ಸಾಲಿನಲ್ಲಿದ್ದ ತಂದೆಯ ಕಡೆ ನೋಡಿ, "ಅಪ್ಪಾ, ಇಷ್ಟೊತ್ತು ನಾನು ಹೇಳಿದ್ದು ನಿಂಗೆ ಅರ್ಥ ಆಗ್ಲಿಲ್ಲ. ಅದೇ ನನ್ನ ವಾದ," ಎಂದು ಕನ್ನಡದಲ್ಲಿ ಹೇಳಿ ಇಳಿದುಬಂದಳು. ತೀರ್ಪುಗಾರರು ಗಂಟೆ ಬಾರಿಸಿದರು. ಅವಳನ್ನು ಸ್ಪರ್ಧೆಯಿಂದ ಕೈಬಿಟ್ಟರು.

ಅಲಮೇಲು ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. "ಗೊತ್ತಿದ್ದೇ ಮಾಡಿದ್ಯಾ?" ಎಂದು ಕೇಳಿದರು.

"ಹೂಂ ಮೇಡಂ. ಇಂಗ್ಲಿಷ್ ಬರದೇ ಇದ್ದಾಗ ಬೇಡ ಅಂದಿದ್ರೆ ಕೈಲಾಗ್ದೋಳು ಅಂತಿದ್ರು. ಈಗ ಬೇಡ ಅನ್ನೋಕೂ ನಂಗೆ ಹಕ್ಕು ಬಂತು."

ಮುನಿರಾಜು ಗಂಡು ನೋಡುವ ಮಾತನ್ನು ಮತ್ತೆ ಎತ್ತಲಿಲ್ಲ. ದಿವ್ಯ ಇಂದು ಕೆಂಗೇರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕಿ.

ಕಳೆದ ಮೇ ಕೊನೆಯಲ್ಲಿ ನಡೆದ ನಿವೃತ್ತಿಯ ಬೀಳ್ಕೊಡುಗೆಯಲ್ಲಿ, ದಿವ್ಯ ಅಂದು ಮೆಟ್ಟಿಲ ಬಳಿ ಆಡಿದ ಆ ಮಾತನ್ನು ಹೇಳಿ ಭಾಷಣ ಮುಗಿಸಿ ಎಂದು ಸಹೋದ್ಯೋಗಿಗಳು ಅಲಮೇಲು ಅವರನ್ನು ಒತ್ತಾಯಿಸಿದರು. "ಅದು ಅವಳ ಮಾತು, ನಾನು ಹೇಳಕೂಡದು," ಎಂದು ಅವರು ಮೈಕಿನಿಂದ ಸರಿದು ನಿಂತರು. ಸಭೆಯಲ್ಲಿದ್ದ ದಿವ್ಯ ಎದ್ದು ಬರುವವರೆಗೂ ಹಾಗೆಯೇ ನಿಂತಿದ್ದರು.

ನಿವೃತ್ತಿಯ ಮರುವಾರದಿಂದಲೇ ಅನ್ನಪೂರ್ಣೇಶ್ವರಿ ನಗರದ ಹೆಣ್ಣುಮಕ್ಕಳಿಗೆ ಬೆಳಗಿನ ಪಾಠ ಶುರುಮಾಡಿರುವ ಅಲಮೇಲು ಅವರಿಗೆ ಆಯುಸ್ಸು ತುಂಬಿ ಬರಲಿ, ಕಾಯುವ ಆ ತಾಳ್ಮೆ ಬತ್ತದಿರಲಿ, ಏಳು ಗಂಟೆಯ ಆ ಬಾಗಿಲು ಇನ್ನೂ ಎಷ್ಟೋ ಮಕ್ಕಳಿಗೆ ತೆರೆಯಲಿ ಎಂದು ಬಳಗದವರೆಲ್ಲರ ಮನದುಂಬಿದ ಹಾರೈಕೆ. ಮೆಟ್ಟಿಲ ಬಳಿಯ ಆ ಮಾತನ್ನು ಇಲ್ಲಿ ಅಚ್ಚು ಹಾಕಿರುವುದು ದಿವ್ಯ ಅವರ ಒಪ್ಪಿಗೆ ಪಡೆದೇ. ಇಲ್ಲದಿದ್ದರೆ ಅಲಮೇಲು ಅವರು ತಮ್ಮ ಹೆಸರಿನ ಈ ಪುಸ್ತಕವನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ.